ಹಳೆಯ ಡೀಸೆಲ್ ಪಿಕಪ್‌ನ ಕ್ಯಾಬಿನ್ ಸದ್ದು: ಮಲೆನಾಡಿನ ಮಳೆಗೆ ಯಾವ ಶೀಟು, ಎಲ್ಲಿ, ಎಷ್ಟು ಅಂಟಿಸಬೇಕು?

ಪ್ರಶ್ನೆ: ಬೆಳೆಗಾರ, ಆಲ್ದೂರು

ನಮ್ಮ ಮನೆಯಲ್ಲಿ 2008ರ ಮಾದರಿಯ, ನಾಲ್ಕು ಸಿಲಿಂಡರಿನ ಡಬಲ್ ಕ್ಯಾಬಿನ್ ಡೀಸೆಲ್ ಪಿಕಪ್ ಇದೆ. ತೋಟಕ್ಕೆ ಗೊಬ್ಬರ ತರುವುದು, ಒಣಗಿದ ಕಾಫಿಯನ್ನು ಸಿಪ್ಪೆ ಬಿಡಿಸಿ ಹದಮಾಡಿಸಲು ಚಿಕ್ಕಮಗಳೂರಿನ ಕ್ಯೂರಿಂಗ್‌ಗೆ ಸಾಗಿಸುವುದು, ಮೆಣಸಿನ ಚೀಲ ಹೇರುವುದು ಎಲ್ಲವೂ ಇದರಲ್ಲಿಯೇ ಆಗುತ್ತದೆ. ಇಂಜಿನ್ ಇನ್ನೂ ಗಟ್ಟಿಯಾಗಿರುವುದರಿಂದ ಮಾರುವ ಯೋಚನೆ ಇಲ್ಲ. ಆದರೆ ಕ್ಯಾಬಿನ್ನಿನೊಳಗಿನ ಸದ್ದು ವರ್ಷದಿಂದ ವರ್ಷಕ್ಕೆ ಏರುತ್ತಾ ಬಂದು, ಈಗ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಪಕ್ಕದಲ್ಲಿ ಕುಳಿತವರೊಡನೆ ಗಂಟಲು ಏರಿಸದೆ ಮಾತನಾಡಲು ಸಾಧ್ಯವಾಗುತ್ತಿಲ್ಲ.

ಇಷ್ಟು ದಿನ ಇದನ್ನು ಸಹಿಸಿಕೊಂಡಿದ್ದೆ. ಈಗ ತಾಯಿಯವರನ್ನು ತಿಂಗಳಿಗೆ ಎರಡು ಬಾರಿ ಬೇಲೂರಿನ ಮೇಲಿಂದ ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಗಿದೆ. ಅವರು ಕಿವಿಗೆ ಶ್ರವಣ ಯಂತ್ರ ಹಾಕಿಕೊಳ್ಳುತ್ತಾರೆ. ಗಾಡಿ ಚಿಕ್ಕಮಗಳೂರು ದಾಟಿ ವೇಗ ಹಿಡಿಯುತ್ತಿದ್ದಂತೆ ಅವರು ಯಂತ್ರವನ್ನು ತೆಗೆದು ಅದರ ಪುಟ್ಟ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಕಿಟಕಿಯ ಕಡೆ ತಿರುಗಿ ಕುಳಿತುಬಿಡುತ್ತಾರೆ. ಮಾತಿನ ಜೊತೆಗೆ ಗಾಡಿಯ ಗದ್ದಲವನ್ನೂ ಯಂತ್ರ ದೊಡ್ಡದು ಮಾಡುವುದರಿಂದ ತಲೆ ಸಿಡಿಯುತ್ತದೆ ಎನ್ನುತ್ತಾರೆ. ಹೋಗಿಬರುವ ನಾಲ್ಕು ಗಂಟೆ ನಾವಿಬ್ಬರೂ ಒಂದೂ ಮಾತಿಲ್ಲದೆ ಕಳೆಯುತ್ತೇವೆ. ಇದು ನನಗೆ ಬಹಳ ನೋವಿನ ಸಂಗತಿಯಾಗಿದೆ.

ನನಗೆ ಕಂಡುಬಂದದ್ದು ಇಷ್ಟು. ನಾಲ್ಕನೆಯ ಗೇರಿನಲ್ಲಿ ಒಂದು ನಿರ್ದಿಷ್ಟ ವೇಗಕ್ಕೆ ಬಂದಾಗ ಎದೆಗೆ ತಾಗುವಂತಹ ಗುಂಯ್ಗುಡುವ ಸದ್ದು ಹುಟ್ಟುತ್ತದೆ. ಬಾಗಿಲು ಹಾಕಿದರೆ ಖಾಲಿ ಎಣ್ಣೆ ಡಬ್ಬ ಬಡಿದಂತೆ ಕೇಳುತ್ತದೆ. ಕಾಲಡಿಯ ರಬ್ಬರ್ ಮ್ಯಾಟ್ ಎತ್ತಿ ನೋಡಿದಾಗ ಅದರ ಕೆಳಗಿನ ನಾರಿನ ಹಾಸು ಮುಗ್ಗಲು ವಾಸನೆ ಬೀರುತ್ತಿತ್ತು, ಚಾಲಕನ ಬಲಗಾಲಿನ ಬಳಿ ತಗಡಿಗೆ ತುಕ್ಕು ಹಿಡಿದಿತ್ತು.

ಒಂದು ಅಂಗಡಿಯವರು ನೆಲ, ಬಾಗಿಲು, ಛಾವಣಿ, ಹಿಂಗೋಡೆ ಎಲ್ಲಕ್ಕೂ ಒಂದಿಂಚೂ ಬಿಡದೆ ಸದ್ದು ತಗ್ಗಿಸುವ ಶೀಟು ಅಂಟಿಸಿಕೊಡುವುದಾಗಿ ಹೇಳಿ 32,000 ರೂಪಾಯಿ ಕೇಳಿದ್ದಾರೆ. ಪರಿಚಿತರೊಬ್ಬರು, ತಾರಸಿಯ ಬಿರುಕಿಗೆ ಹಚ್ಚುವ ಡಾಂಬರಿನ ಟೇಪನ್ನೇ ತಂದು ಅಂಟಿಸಿದರೆ ಅದರ ಕಾಲು ಭಾಗದಲ್ಲಿ ಮುಗಿಯುತ್ತದೆ ಎನ್ನುತ್ತಾರೆ. ಯಾವುದನ್ನು ನಂಬಬೇಕು, ಕೆಲಸವನ್ನು ಎಲ್ಲಿಂದ ಆರಂಭಿಸಬೇಕು ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಉತ್ತರ 1: ತಗಡು ಕೆಲಸದವರು, ಹಾಸನ

ತಾವು ಬರೆದುದರಲ್ಲಿ ನನ್ನ ಗಮನ ಮೊದಲು ಹೋದದ್ದು ಮುಗ್ಗಲು ವಾಸನೆಯ ಮೇಲೆ. ದಯವಿಟ್ಟು ಆ ನೆಲದ ಮೇಲೆ ಈಗಲೇ ಯಾವ ಶೀಟನ್ನೂ ಅಂಟಿಸಬೇಡಿ. ಇಪ್ಪತ್ತು ವರ್ಷಗಳಿಂದ ಟಿಂಕರಿಂಗ್ ಮಾಡುತ್ತಿದ್ದೇನೆ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆಯಿಂದ ಬರುವ ಗಾಡಿಗಳ ನೆಲ ತೂತಾಗಿರುವುದಕ್ಕೆ ಅರ್ಧ ಪಾಲು ಕಾರಣ, ಒಳಗೆ ನೀರು ಬರುತ್ತಿದ್ದಾಗಲೇ ಯಾರೋ ಅದರ ಮೇಲೆ ಏನನ್ನೋ ಅಂಟಿಸಿ ಮುಚ್ಚಿರುವುದು. ಶೀಟಿನ ಅಡಿಗೆ ಸೇರಿದ ನೀರಿಗೆ ಹೊರಗೆ ಬರಲು ದಾರಿಯಿರುವುದಿಲ್ಲ. ಮೇಲೆ ಬೆಳ್ಳಿಯಂತೆ ಹೊಳೆಯುವ ಹಾಳೆ ಹಾಗೆಯೇ ಇರುತ್ತದೆ, ಕೆಳಗೆ ತಗಡು ಹಪ್ಪಳವಾಗಿರುತ್ತದೆ.

ಆದ್ದರಿಂದ ಮೊದಲು ನೀರಿನ ದಾರಿಯನ್ನು ಹುಡುಕಿ. ತೋಟದ ಗಾಡಿಗಳಲ್ಲಿ ನಾನು ಹೆಚ್ಚಾಗಿ ಕಂಡಿರುವುದು ಮುಂದಿನ ಗಾಜಿನ ಕೆಳಗಿರುವ, ವೈಪರ್ ಕುಳಿತುಕೊಳ್ಳುವ ಗಾಳಿಕಿಂಡಿಯ ತೊಂದರೆ. ಗಾಡಿ ಸಿಲ್ವರ್ ಓಕ್ ಮರದಡಿ ನಿಂತು ನಿಂತು, ಎಲೆಗಳು ಆ ಕಿಂಡಿಯೊಳಗೆ ಬಿದ್ದು ಕೊಳೆತು ಗೊಬ್ಬರವಾಗಿ, ನೀರು ಹರಿದುಹೋಗುವ ತೂತನ್ನು ಮುಚ್ಚಿರುತ್ತವೆ. ಜೋರು ಮಳೆ ಬಂದಾಗ ಅಲ್ಲಿ ತುಂಬಿದ ನೀರು ಹೀಟರಿನ ದಾರಿಯಿಂದಲೋ ವೈರಿಂಗ್ ಹಾದುಹೋಗುವ ತೂತಿನಿಂದಲೋ ಕಾಲಡಿಗೆ ಇಳಿಯುತ್ತದೆ. ಎರಡನೆಯದು ಮುಂದಿನ ಗಾಜಿನ ಬೀಡಿಂಗ್. ಹಳೆಯ ರಬ್ಬರ್ ಬಿರುಸಾಗಿ ಮೂಲೆಗಳಲ್ಲಿ ಬಿಟ್ಟುಕೊಂಡಿರುತ್ತದೆ. ಮೂರನೆಯದು ಬಾಗಿಲಿನ ಒಳ ಹಲಗೆಯ ಹಿಂದೆ ಕಂಪನಿಯವರು ಅಂಟಿಸಿರುವ ಪ್ಲಾಸ್ಟಿಕ್ ಹಾಳೆ. ಗಾಜಿನ ಮೇಲೆ ಇಳಿದು ಬಂದ ನೀರು ಬಾಗಿಲಿನೊಳಗೆ ಹೋಗುವುದು ಸಹಜ, ಅದು ತಳದ ತೂತುಗಳಿಂದ ಹೊರಬೀಳಬೇಕು. ಕಿಟಕಿಯ ಮೆಷಿನ್ ರಿಪೇರಿ ಮಾಡಿದವರು ಆ ಹಾಳೆಯನ್ನು ಹರಿದು ಎಸೆದಿದ್ದರೆ ನೀರು ನೇರವಾಗಿ ಕ್ಯಾಬಿನ್ನಿಗೆ ಬರುತ್ತದೆ.

ಪರೀಕ್ಷೆ ಮಾಡುವುದು ಕಷ್ಟವಲ್ಲ. ಮ್ಯಾಟನ್ನೂ ನಾರಿನ ಹಾಸನ್ನೂ ಪೂರ್ತಿ ತೆಗೆದು, ನೆಲದ ಮೇಲೆ ಹಳೆಯ ದಿನಪತ್ರಿಕೆ ಹರಡಿ, ಒಬ್ಬರು ಹೊರಗಿನಿಂದ ಪೈಪಿನಲ್ಲಿ ನಿಧಾನವಾಗಿ ಕೆಳಗಿನಿಂದ ಮೇಲಕ್ಕೆ ನೀರು ಬಿಡುತ್ತಾ ಬರಬೇಕು, ಇನ್ನೊಬ್ಬರು ಒಳಗೆ ಟಾರ್ಚ್ ಹಿಡಿದು ಕುಳಿತಿರಬೇಕು. ಮೇಲಿನಿಂದ ಆರಂಭಿಸಿದರೆ ನೀರು ಎಲ್ಲಾ ಕಡೆ ಇಳಿದು, ಯಾವ ಸಂದಿನಿಂದ ಬಂತೆಂದು ತಿಳಿಯುವುದಿಲ್ಲ.

ತುಕ್ಕಿನ ವಿಷಯಕ್ಕೆ ಬಂದರೆ, ಸಣ್ಣ ಸುತ್ತಿಗೆಯ ಹಿಂಬದಿಯಿಂದ ತಗಡನ್ನು ಕುಟ್ಟುತ್ತಾ ಹೋಗಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ತಿಂದುಹೋದ ತಗಡು ಡಬ್ ಎನ್ನುತ್ತದೆ. ಡಬ್ ಎಂದ ಕಡೆ ಕತ್ತರಿಸಿ ಪ್ಯಾಚ್ ವೆಲ್ಡ್ ಮಾಡಿಸಲೇಬೇಕು, ಯಾವ ಶೀಟೂ ಅದಕ್ಕೆ ಪರ್ಯಾಯವಾಗದು. ಮೇಲ್ಮೈ ತುಕ್ಕಾದರೆ ವೈರ್ ಬ್ರಷ್‌ನಿಂದ ಉಜ್ಜಿ, ತುಕ್ಕನ್ನು ಕಪ್ಪಗೆ ತಿರುಗಿಸಿ ನಿಲ್ಲಿಸುವ ರಸ್ಟ್ ಕನ್ವರ್ಟರ್ ಹಚ್ಚಿ, ಅದು ಪೂರ್ತಿ ಒಣಗಿದ ಮೇಲೆ ಪ್ರೈಮರ್, ಆಮೇಲೆ ಬಣ್ಣ ಹೊಡೆಯಬೇಕು. ಈ ಕೆಲಸಕ್ಕೆ ನಮ್ಮ ಜಿಲ್ಲೆಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳೇ ಸರಿ. ರೊಬಸ್ಟಾ ಕೊಯ್ಲು ಮುಗಿದು ಗಾಡಿಗೂ ಬಿಡುವು ಇರುತ್ತದೆ, ತಗಡೂ ಬಿಸಿಲಿಗೆ ಒಣಗಿ ಬೆಚ್ಚಗಿರುತ್ತದೆ. ಜೂನ್ ಬಂದರೆ ತಗಡು ಒಣಗಿದಂತೆ ಕಂಡರೂ ಒಣಗಿರುವುದಿಲ್ಲ.

ಉತ್ತರ 2: ಮೆಕ್ಯಾನಿಕಲ್ ಮೇಷ್ಟ್ರು, ಹಾಸನ

ಮೇಲಿನವರು ಹೇಳಿದ ನೀರಿನ ಕೆಲಸ ಮುಗಿದ ಮೇಲೆ ಏನು ಎಂಬುದಕ್ಕೆ ನಾನು ಉತ್ತರಿಸುತ್ತೇನೆ. ಅಂಗಡಿಗಳಲ್ಲಿ ಎಲ್ಲವನ್ನೂ "ಡ್ಯಾಂಪಿಂಗ್" ಎಂಬ ಒಂದೇ ಹೆಸರಿನಿಂದ ಮಾರುತ್ತಾರೆ. ವಾಸ್ತವದಲ್ಲಿ ಅಲ್ಲಿ ಮೂರು ಬೇರೆ ಬೇರೆ ಕೆಲಸಗಳಿವೆ, ಒಂದರ ಸಾಮಾನು ಇನ್ನೊಂದರ ಕೆಲಸವನ್ನು ಮಾಡುವುದಿಲ್ಲ.

ಮೊದಲನೆಯದು ತಗಡಿನ ಕಂಪನವನ್ನು ಅಡಗಿಸುವುದು. ದೇವಸ್ಥಾನದ ಗಂಟೆ ಬಾರಿಸಿ ಅದರ ಮೇಲೆ ಅಂಗೈ ಇಟ್ಟರೆ ನಾದ ಅಲ್ಲಿಗೇ ನಿಲ್ಲುತ್ತದೆ. ಬ್ಯೂಟೈಲ್ ರಬ್ಬರಿನ ಮೇಲೆ ಅಲ್ಯೂಮಿನಿಯಂ ಹಾಳೆ ಹೊದಿಸಿದ 2 ಮಿಲಿಮೀಟರ್ ಶೀಟು ಮಾಡುವುದು ಅದನ್ನೇ. ತಗಡು ಬಾಗಿದಾಗ, ಹಿಗ್ಗದ ಅಲ್ಯೂಮಿನಿಯಂ ಮತ್ತು ತಗಡಿನ ನಡುವೆ ಸಿಕ್ಕಿಕೊಂಡ ರಬ್ಬರ್ ಎಳೆದಾಡಲ್ಪಟ್ಟು, ಕಂಪನದ ಶಕ್ತಿ ಅತ್ಯಲ್ಪ ಶಾಖವಾಗಿ ಕಳೆದುಹೋಗುತ್ತದೆ. ಅಂಗೈ ಇಡಲು ಇಡೀ ಗಂಟೆಯನ್ನು ಮುಚ್ಚಬೇಕಾಗಿಲ್ಲ ಎಂಬುದನ್ನು ಗಮನಿಸಿ. ಅಗಲವಾದ, ಬೆರಳಿನಿಂದ ಬಡಿದರೆ ಮೊಳಗುವ ತಗಡಿನ ಮಧ್ಯಭಾಗದಲ್ಲಿ ಶೇಕಡಾ 25ರಿಂದ 50ರಷ್ಟು ಮುಚ್ಚಿದರೆ ಲಾಭದ ಬಹುಪಾಲು ಸಿಕ್ಕಿಬಿಡುತ್ತದೆ. ಉಬ್ಬು ಏಣುಗಳಿರುವ, ಮಡಿಕೆಯಾಗಿರುವ ಗಟ್ಟಿ ಜಾಗಗಳಿಗೆ ಅಂಟಿಸಿದ್ದು ವ್ಯರ್ಥ. ಈ ಶೀಟು ಚದರ ಮೀಟರಿಗೆ 3ರಿಂದ 4 ಕಿಲೋ ತೂಗುತ್ತದೆ, ಆದ್ದರಿಂದ ಒಂದಿಂಚೂ ಬಿಡದೆ ಅಂಟಿಸುವುದೆಂದರೆ ಹಣದ ಜೊತೆಗೆ ತೂಕವನ್ನೂ ಸುಮ್ಮನೆ ಹೊರುವುದು. ತಮಗೆ ಕೊಟ್ಟಿರುವ ಅಂದಾಜಿನ ಅರ್ಧ ಶೀಟು ಸಾಕು ಎಂಬುದು ನನ್ನ ದೃಢ ಅಭಿಪ್ರಾಯ.

ಡಾಂಬರಿನ ಟೇಪು ಬೇಡ. ಬಿಸಿಲಿನಲ್ಲಿ ನಿಂತ ಗಾಡಿಯ ಛಾವಣಿ, ಸೈಲೆನ್ಸರಿನ ಮೇಲಿನ ನೆಲ ಇವೆರಡೂ ಕೈ ಇಡಲಾಗದಷ್ಟು ಕಾಯುತ್ತವೆ. ಡಾಂಬರು ಮೆತ್ತಗಾಗಿ ಜಾರುತ್ತದೆ, ವಾಸನೆ ಬೀರುತ್ತದೆ, ಚಳಿಗೆ ಬಿರುಸಾಗಿ ಬಿಡುತ್ತದೆ. ಮುಚ್ಚಿದ ಕ್ಯಾಬಿನ್ನಿನಲ್ಲಿ ವಯಸ್ಸಾದವರನ್ನು ಕೂರಿಸಿಕೊಂಡು ಹೋಗುವ ಗಾಡಿಗೆ ಅದು ತಕ್ಕುದಲ್ಲ.

ಎರಡನೆಯದು ಹೊರಗಿನ ಸದ್ದನ್ನು ತಡೆಯುವುದು. ಇದಕ್ಕೆ ಬೇಕಾದದ್ದು ಭಾರ. ತಡೆಯ ತೂಕ ಎರಡು ಪಟ್ಟಾದಾಗ ದಾಟಿ ಬರುವ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ ಎಂಬುದು ಇಲ್ಲಿನ ಮೂಲ ಲೆಕ್ಕ. ಚದರ ಮೀಟರಿಗೆ ಸುಮಾರು 5 ಕಿಲೋ ತೂಗುವ ವಿನೈಲ್ ಹಾಸನ್ನು ಇದಕ್ಕಾಗಿಯೇ ಮಾಡುತ್ತಾರೆ. ಅದನ್ನು ತಗಡಿಗೆ ನೇರವಾಗಿ ಅಂಟಿಸದೆ, ನಡುವೆ ನೀರು ಹೀರದ ಕ್ಲೋಸ್ಡ್ ಸೆಲ್ ಫೋಮ್ ಹಾಕಿ, ಅದರ ಮೇಲೆ ಹೊದಿಸಿದಂತೆ ಹಾಸಬೇಕು. ಇಂಜಿನ್ ಗೋಡೆ ಮತ್ತು ಮುಂಭಾಗದ ನೆಲಕ್ಕೆ ಹಾಕಿದರೆ ಸಾಕು.

ಆದರೆ ತಡೆಯಲ್ಲಿ ತೂತಿದ್ದರೆ ಭಾರದಿಂದ ಪ್ರಯೋಜನವಿಲ್ಲ. ಗೋಡೆಯ ನೂರರಲ್ಲಿ ಒಂದು ಭಾಗ ತೆರೆದಿದ್ದರೂ, ಉಳಿದ ತೊಂಬತ್ತೊಂಬತ್ತು ಭಾಗ ಎಷ್ಟೇ ದಪ್ಪವಾಗಿರಲಿ, ಒಟ್ಟು ತಡೆ 20 ಡೆಸಿಬೆಲ್ ಮೀರುವುದಿಲ್ಲ. ಕ್ಲಚ್ ಕೇಬಲ್, ವೈರಿಂಗ್, ಗೇರ್ ಲಿವರ್ ಹಾದುಹೋಗುವ ತೂತುಗಳ ಸುತ್ತ ಕೂರಿಸುವ ರಬ್ಬರ್ ಬಳೆಗಳು, ಅಂದರೆ ಗ್ರೊಮೆಟ್‌ಗಳು, ಬಾಗಿಲಿನ ಬೀಡಿಂಗ್, ಇವೇ ತಮ್ಮ ಗಾಡಿಯ ತೆರೆದ ಕಿಟಕಿಗಳು. ತಾಯಿಯವರ ವಿಷಯಕ್ಕೆ ಇದೇ ಮುಖ್ಯ. ಮಾತು ಅರ್ಥವಾಗುವುದು ಹೆಚ್ಚಾಗಿ ವ್ಯಂಜನಗಳಿಂದ, ಸ, ಶ, ತ, ಕ ಮುಂತಾದ ಅಕ್ಷರಗಳ ಎತ್ತರದ ಸ್ವರದ ಸದ್ದಿನಿಂದ. ಗಾಳಿಯ ಸಿಳ್ಳು, ಟೈರಿನ ಸರಸರ, ಇಂಜಿನ್ನಿನ ಟಕಟಕ ಇವೂ ಅದೇ ಎತ್ತರದವು, ಮತ್ತು ಇವು ಸಣ್ಣ ಸಂದಿನಲ್ಲಿಯೂ ಸುಲಭವಾಗಿ ನುಸುಳುತ್ತವೆ. ಅಂದರೆ ನೀರು ಬರುವ ದಾರಿಯನ್ನು ಮುಚ್ಚುವಾಗ ಮಾತನ್ನು ಕೆಡಿಸುವ ಸದ್ದಿನ ದಾರಿಯೂ ಬಹಳಷ್ಟು ಮುಚ್ಚಿರುತ್ತದೆ. ಅತಿ ಕಡಿಮೆ ಖರ್ಚಿನ ಕೆಲಸವೇ ಅವರಿಗೆ ಅತಿ ಹೆಚ್ಚು ನೆರವಾಗುವ ಕೆಲಸ.

ಮೂರನೆಯದು ಒಳಗೆ ಬಂದ ಸದ್ದನ್ನು ಹೀರುವುದು, ಛಾವಣಿಯ ಒಳಹೊದಿಕೆ ಮತ್ತು ಸೀಟಿನ ಬಟ್ಟೆ ಅದನ್ನು ಸ್ವಲ್ಪ ಮಟ್ಟಿಗೆ ಮಾಡುತ್ತವೆ.

ಇನ್ನು ಆ ಗುಂಯ್ಗುಡುವ ಸದ್ದು. ನಾಲ್ಕು ಸಿಲಿಂಡರ್, ನಾಲ್ಕು ಸ್ಟ್ರೋಕಿನ ಇಂಜಿನ್ ಪ್ರತಿ ಸುತ್ತಿಗೆ ಎರಡು ಬಾರಿ ಉರಿಯುತ್ತದೆ. ನಿಮಿಷಕ್ಕೆ 2400 ಸುತ್ತಿನಲ್ಲಿ ಅದು ಸೆಕೆಂಡಿಗೆ 80 ಬಡಿತ. 80 ಹರ್ಟ್ಸ್ ಸದ್ದಿನ ಅಲೆಯ ಉದ್ದ 4 ಮೀಟರಿಗಿಂತ ಹೆಚ್ಚು, ಬೆರಳು ದಪ್ಪದ ಯಾವ ಫೋಮೂ ಅದನ್ನು ಹೀರಲಾರದು. ಅದನ್ನು ಹುಟ್ಟುವಲ್ಲಿಯೇ ಹಿಡಿಯಬೇಕು. ಇಂಜಿನ್ ಮೌಂಟಿಂಗ್ ರಬ್ಬರ್, ಕ್ಯಾಬಿನ್ ಮತ್ತು ಛಾಸಿಯ ನಡುವಿನ ರಬ್ಬರ್, ಸೈಲೆನ್ಸರ್ ನೇತುಹಾಕಿರುವ ರಬ್ಬರ್, ಇವನ್ನು ಬದಲಾಯಿಸದೆ ಶೀಟು ಅಂಟಿಸಿದರೆ ಅದು ಹಾಗೆಯೇ ಉಳಿಯುತ್ತದೆ. ಮೊಬೈಲಿನ ಆ್ಯಪ್‌ನಿಂದ ಅಳೆಯುವುದಾದರೆ ಒಂದು ಎಚ್ಚರಿಕೆ: ಅವು ಸಾಮಾನ್ಯವಾಗಿ ತೋರಿಸುವ, ಮನುಷ್ಯನ ಕಿವಿಗೆ ಕೇಳಿಸುವ ರೀತಿಗೆ ಹೊಂದಿಸಿದ "ಎ" ಅಳತೆ 80 ಹರ್ಟ್ಸಿನ ಸದ್ದನ್ನು ಸುಮಾರು 22 ಡೆಸಿಬೆಲ್ ಇಳಿಸಿ ಲೆಕ್ಕ ಹಾಕುತ್ತದೆ. ಎದೆಗೆ ತಾಗುವ ಸದ್ದು ಹೋಗಿದ್ದರೂ ಆ್ಯಪಿನ ಅಂಕಿ ಅಷ್ಟಾಗಿ ಕದಲದಿರಬಹುದು.

ಉತ್ತರ 3: ತೋಟದ ಮನೆ, ಹಾನುಬಾಳು

ನಾನು ಇದೇ ಕೆಲಸವನ್ನು ಸ್ವತಃ ಮಾಡಿ, ಒಂದು ಬಾರಿ ಕೆಡಿಸಿ, ಮತ್ತೆ ಮಾಡಿದವನು. ಮೊದಲ ಬಾರಿ ಹಳೆಯ ಹಾಸಿಗೆಯ ಸ್ಪಂಜನ್ನು ಕತ್ತರಿಸಿ ಮ್ಯಾಟಿನ ಕೆಳಗೆ ತುಂಬಿದೆ. ಎರಡು ವಾರ ಗಾಡಿ ನಿಶ್ಶಬ್ದವಾದಂತೆ ತೋರಿತು. ಮಳೆಗಾಲವೆಲ್ಲಾ ಕೆಲಸದವರು ಒದ್ದೆ ಗಂಬೂಟಿನಲ್ಲಿಯೇ ಹತ್ತಿ ಇಳಿದರು. ದಸರೆಯ ಹೊತ್ತಿಗೆ ಮ್ಯಾಟ್ ಎತ್ತಿ ಆ ಸ್ಪಂಜನ್ನು ಹಿಂಡಿದಾಗ ಕಾಫಿ ಬಣ್ಣದ ನೀರು ಮೊಣಕೈವರೆಗೆ ಇಳಿಯಿತು. ಸೀಟಿನ ಬೋಲ್ಟಿನ ಸುತ್ತ ತಗಡು ಕೈಗೆ ಪುಡಿಯಾಗಿ ಬಂತು. ಸೋರಿಕೆ ನಿಲ್ಲಿಸಿದರೂ ನಮ್ಮ ಕಡೆ ನೀರು ಕಾಲಿನ ಜೊತೆಗೇ ಒಳಗೆ ಬರುತ್ತದೆ ಎಂಬುದನ್ನು ಮರೆಯಬಾರದು. ಹೀಗಾಗಿ ನೆಲದಲ್ಲಿ ನೀರು ಹೀರುವ ಯಾವ ವಸ್ತುವನ್ನೂ ಇಡಬೇಡಿ, ಕಂಪನಿಯ ನಾರಿನ ಹಾಸನ್ನೂ ಮತ್ತೆ ಹಾಕಬೇಡಿ. ಫೋಮ್ ಮತ್ತು ವಿನೈಲ್ ಹಾಸನ್ನು ಅಂಟಿಸದೆ ಸುಮ್ಮನೆ ಹಾಸಿದರೆ ತಿಂಗಳಿಗೊಮ್ಮೆ ಎತ್ತಿ ಒಣಗಿಸಬಹುದು.

ಕೈ ಕೆಲಸದ ಕೆಲವು ವಿಷಯಗಳನ್ನು ಹೇಳುತ್ತೇನೆ. ಶೀಟಿನ ಅಲ್ಯೂಮಿನಿಯಂ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ, ಕೈಗವಸು ಹಾಕಿಯೇ ಕೆಲಸ ಮಾಡಿ. ತಗಡನ್ನು ಥಿನ್ನರಿನಿಂದ ಒರೆಸಿ, ಅದು ಆರಿದ ಮೇಲೆ ಅಂಟಿಸಿ, ಪುಟ್ಟ ಉಕ್ಕಿನ ರೋಲರಿನಿಂದ ಹಾಳೆಯ ಮೇಲಿನ ಉಬ್ಬು ಚಿತ್ತಾರ ಪೂರ್ತಿ ಚಪ್ಪಟೆಯಾಗುವವರೆಗೆ ಉಜ್ಜಬೇಕು. ಅರ್ಧಂಬರ್ಧ ಒತ್ತಿದ ಶೀಟಿನ ಕೆಳಗೆ ಗಾಳಿ ಉಳಿದು, ಆ ಗಾಳಿಯ ಜಾಗದಲ್ಲಿ ಮಂಜಿನ ತೇವ ಸೇರುತ್ತದೆ. ನೆಲದ ರಬ್ಬರ್ ಬಿರಡೆಗಳನ್ನೂ ಬಾಗಿಲಿನ ತಳದ ತೂತುಗಳನ್ನೂ ಯಾವ ಕಾರಣಕ್ಕೂ ಮುಚ್ಚಬೇಡಿ. ಬಾಗಿಲಿನೊಳಗೆ ಹೊರ ತಗಡಿನ ಮಧ್ಯಕ್ಕೆ ಒಂದೂವರೆ ಗೇಣು ಅಗಲದ ತುಂಡು ಸಾಕು, ಆದರೆ ಗಾಜನ್ನು ಪೂರ್ತಿ ಇಳಿಸಿ ಅದು ತಾಗುವುದಿಲ್ಲವೆಂದು ಖಚಿತಪಡಿಸಿಕೊಂಡೇ ಹಲಗೆ ಕೂರಿಸಿ. ಸೀಟು ಮತ್ತು ಸೀಟ್ ಬೆಲ್ಟ್ ಬೋಲ್ಟುಗಳ ಕೆಳಗೆ ಶೀಟು ಬರಬಾರದು. ಮೆತ್ತನೆಯ ರಬ್ಬರಿನ ಮೇಲೆ ಬಿಗಿದ ಬೋಲ್ಟು ದಿನ ಕಳೆದಂತೆ ಸಡಿಲವಾಗುತ್ತದೆ, ಬೆಲ್ಟಿನ ವಿಷಯದಲ್ಲಿ ಅದು ಪ್ರಾಣಾಪಾಯ.

ಡಬಲ್ ಕ್ಯಾಬಿನ್ ಆದ್ದರಿಂದ ಹಿಂಗೋಡೆಯನ್ನು ಬಿಡಬೇಡಿ. ಹಿಂದಿನ ಸೀಟಿನ ಬೆನ್ನಿನ ಹಿಂದಿರುವ ಆ ಅಗಲವಾದ ಒಂಟಿ ತಗಡು, ಸಾಮಾನು ಹೇರುವ ಹಿಂದಿನ ತೊಟ್ಟಿ ಖಾಲಿಯಿದ್ದಾಗಿನ ಗಡಗಡವನ್ನೆಲ್ಲಾ ಒಳಗೆ ತರುತ್ತದೆ. ನನ್ನ ಗಾಡಿಯಲ್ಲಿ ಒಂದೇ ಶೀಟಿನಿಂದ ಅತಿ ಹೆಚ್ಚು ಬದಲಾವಣೆ ಕಂಡದ್ದು ಅಲ್ಲಿ. ತೊಟ್ಟಿಯ ಹಿಂಬಾಗಿಲಿನ ಕೊಂಡಿಗೆ ಹಳೆಯ ಟ್ಯೂಬಿನ ರಬ್ಬರ್ ಸುತ್ತಿದ್ದು ಅದಕ್ಕಿಂತಲೂ ಅಗ್ಗದ ಪರಿಹಾರವಾಗಿತ್ತು.

ಪ್ರಶ್ನೆ ಕೇಳಿದವರಿಂದ: ಬೆಳೆಗಾರ, ಆಲ್ದೂರು (ಮೇ ಕೊನೆಯ ವಾರ)

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಹೇಳಿದ ಕ್ರಮದಲ್ಲಿಯೇ ಮಾಡಿದೆ. ವೈಪರಿನ ಕೆಳಗಿನ ಕಿಂಡಿಯಿಂದ ಒಂದು ಬುಟ್ಟಿಯಷ್ಟು ಸಿಲ್ವರ್ ಓಕ್ ಎಲೆ ಹೊರಬಂತು, ತಳದಲ್ಲಿ ಎರೆಹುಳು ಕೂಡ ಇತ್ತು. ಎಡಭಾಗದ ಇಂಜಿನ್ ಮೌಂಟಿಂಗ್ ರಬ್ಬರ್ ಹರಿದು ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿತ್ತು, ಎರಡೂ ಬದಿಯದನ್ನು ಬದಲಾಯಿಸಿದೆ. ಆ ಒಂದು ಕೆಲಸದಿಂದಲೇ ಗುಂಯ್ಗುಡುವ ಸದ್ದು ಅರ್ಧಕ್ಕಿಂತ ಹೆಚ್ಚು ಇಳಿಯಿತು. ಬಲಗಾಲಿನ ಬಳಿ ಅಂಗೈ ಅಗಲದ ಪ್ಯಾಚ್ ಹಾಕಿಸಬೇಕಾಯಿತು. ನಾಲ್ಕೂ ಬಾಗಿಲಿನ ಬೀಡಿಂಗ್, ಕ್ಲಚ್ ಕೇಬಲ್ಲಿನ ಗ್ರೊಮೆಟ್ ಹೊಸದು. ಬಣ್ಣ ಒಣಗಲು ಐದು ದಿನ ಬಿಸಿಲಿಗೆ ಬಿಟ್ಟು, ನೆಲದ ಅಗಲ ಜಾಗಗಳಿಗೆ ಮತ್ತು ಹಿಂಗೋಡೆಗೆ ಬ್ಯೂಟೈಲ್ ಶೀಟು ಅಂಟಿಸಿದ್ದೇನೆ. ಮುಂಗಾರು ಹತ್ತಿರ ಬಂದಿರುವುದರಿಂದ ಬಾಗಿಲುಗಳಿಗೆ ಪ್ಲಾಸ್ಟಿಕ್ ಹಾಳೆ ಮಾತ್ರ ಹೊಸದಾಗಿ ಅಂಟಿಸಿ, ಶೀಟಿನ ಕೆಲಸವನ್ನು ಮುಂದಿನ ಬೇಸಿಗೆಗೆ ಉಳಿಸಿದ್ದೇನೆ. ವಿನೈಲ್ ಹಾಸನ್ನು ಈಗಲೇ ಹಾಕಬಹುದೇ?

ಉತ್ತರ: ತಗಡು ಕೆಲಸದವರು, ಹಾಸನ

ಹಾಕಬೇಡಿ. ಎರಡು ಮೂರು ದೊಡ್ಡ ಮಳೆ ಬೀಳಲಿ. ಅಲ್ಲಿಯವರೆಗೆ ಬರಿಯ ರಬ್ಬರ್ ಮ್ಯಾಟಿನ ಕೆಳಗೆ ದಿನಪತ್ರಿಕೆ ಹರಡಿ ಓಡಿಸಿ, ವಾರಕ್ಕೊಮ್ಮೆ ಎತ್ತಿ ನೋಡಿ. ಪತ್ರಿಕೆ ಒಣಗಿಯೇ ಇದ್ದರೆ ಹಾಸು ಹಾಕಿ.

ಪ್ರಶ್ನೆ ಕೇಳಿದವರಿಂದ: ಬೆಳೆಗಾರ, ಆಲ್ದೂರು (ಜೂನ್ ಮೂರನೆಯ ವಾರ)

ಹತ್ತು ದಿನ ಬಿಡದೆ ಸುರಿದ ಮಳೆಯ ನಂತರ ಇಂದು ಮ್ಯಾಟ್ ಎತ್ತಿದೆ. ಚಾಲಕನ ಬದಿಯ ಪತ್ರಿಕೆ ಗರಿಗರಿಯಾಗಿತ್ತು. ಎಡಬದಿಯ ಮೂಲೆಯಲ್ಲಿ ಅಂಗೈ ಅಗಲ ಒದ್ದೆಯಾಗಿ ಅಕ್ಷರಗಳು ತಗಡಿಗೆ ಹತ್ತಿದ್ದವು. ನೀರು ಬಿಟ್ಟು ನೋಡಿದಾಗ ಮುಂದಿನ ಗಾಜಿನ ಎಡ ಮೂಲೆಯ ಬೀಡಿಂಗ್ ಎಂದು ತಿಳಿಯಿತು. ಬಿಸಿಲು ಬಂದ ದಿನ ಗಾಜು ತೆಗೆಸಿ ಹೊಸ ಬೀಡಿಂಗ್ ಹಾಕಿಸುತ್ತೇನೆ, ಅಲ್ಲಿಯವರೆಗೆ ವಿನೈಲ್ ಹಾಸು ಅಟ್ಟದಲ್ಲಿಯೇ ಇರುತ್ತದೆ.

ಕಳೆದ ಮಂಗಳವಾರ ಹಾಸನಕ್ಕೆ ಹೋಗಿದ್ದೆವು. ತಾಯಿಯವರು ಬೇಲೂರಿನವರೆಗೂ ಯಂತ್ರವನ್ನು ಕಿವಿಯಲ್ಲಿಯೇ ಇಟ್ಟುಕೊಂಡಿದ್ದರು. ಯಗಚಿ ಸೇತುವೆ ದಾಟುವಾಗ, ಹೊಳೆಯಲ್ಲಿ ನೀರು ಈ ವರ್ಷ ಬೇಗ ಏರಿದೆ ಎಂದರು. ಆ ಮಾತು ನನಗೆ ಕೇಳಿಸಿತು, ನನ್ನ ಉತ್ತರ ಅವರಿಗೆ ಕೇಳಿಸಿತು. ಮುಂದೆ ಗಾಡಿ 60 ದಾಟಿದ ಮೇಲೆ ಡಬ್ಬಿ ಮತ್ತೆ ಹೊರಬಂತು. ಬಾಗಿಲುಗಳ ಕೆಲಸ ಇನ್ನೂ ಬಾಕಿ ಇದೆ ಎಂದು ಅವರಿಗೆ ಸನ್ನೆಯಲ್ಲಿ ತೋರಿಸಿದೆ.